ಸಿಂಬಲ್ ಇಲ್ಲದ ರೆಕಾರ್ಡುಗಳು

ನಮ್ಮ ಮನೆಯಲ್ಲಿ ಜಗಳ ಶುರುವಾಗುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ, ನಲ್ಲಿ ಸರಿಯಾಗಿ ತಿರುಗಿಸದಿದ್ದರೂ ಸಾಕು. ಆದರೆ ಒಂದು ಹಿತ್ತಾಳೆ ತಟ್ಟೆಯ ಸದ್ದಿಗಾಗಿ ತಾತ ಮೊಮ್ಮಗಳು ಐದು ವಾರ ಮಾತು ಬಿಟ್ಟರು ಎಂದರೆ ಯಾರು ನಂಬುತ್ತಾರೆ? ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಊಟ ಬಡಿಸಿದವಳು ನಾನೇ ಆಗಿರದಿದ್ದರೆ ನಾನೂ ನಂಬುತ್ತಿರಲಿಲ್ಲ.

ತಾತ ಅಂದರೆ ನನ್ನ ಮಾವ. ನಲವತ್ತು ವರ್ಷ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿ ನಿವೃತ್ತರಾದವರು. ಕೆಲಸ ಬಿಟ್ಟರೂ ಕೆಂಪು ಪೆನ್ಸಿಲ್ ಬಿಡಲಿಲ್ಲ. ಕರೆಂಟ್ ಬಿಲ್ಲಿನಲ್ಲಿ, ಔಷಧಿ ಡಬ್ಬಿಯ ಮೇಲೆ, ನಾನು ಬರೆದ ದಿನಸಿ ಚೀಟಿಯಲ್ಲಿ ಕೂಡ ತಪ್ಪು ಹುಡುಕಿ ಸುತ್ತು ಹಾಕುತ್ತಾರೆ. ಮದುವೆಯಾದ ಹೊಸದರಲ್ಲಿ ಆ ಕೆಂಪು ಸುತ್ತು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರ ಇನ್ನೊಂದು ಹುಚ್ಚು ಜಾಝ್ ಸಂಗೀತ. ಹುಡುಗರಾಗಿದ್ದಾಗ ಯಾವುದೋ ಹೋಟೆಲಿಗೆ ಕಾರ್ಯಕ್ರಮ ಪಟ್ಟಿಯ ಪ್ರೂಫ್ ಕೊಡಲು ಹೋದವರು, ಒಳಗೆ ಬ್ಯಾಂಡ್ ನುಡಿಸುತ್ತಿದ್ದುದನ್ನು ಕೇಳುತ್ತ ಅಡುಗೆಮನೆಯ ಬಾಗಿಲಲ್ಲಿ ಎರಡು ಗಂಟೆ ನಿಂತುಬಿಟ್ಟರಂತೆ. ಅಲ್ಲಿಂದ ಹಿಡಿದ ಹುಚ್ಚು. ಈಗ ಮುಂದಿನ ಕೋಣೆಯ ಒಂದು ಗೋಡೆ ಪೂರ್ತಿ ರೆಕಾರ್ಡುಗಳೇ. ಒಂಬೈನೂರು ಚಿಲ್ಲರೆ ಇವೆ. ಆ ಗೋಡೆಗೆ ಒಂದು ಮೊಳೆ ಹೊಡೆಯುವ ಅಧಿಕಾರವೂ ನಮಗಿಲ್ಲ.

ಹೊಸ ರೆಕಾರ್ಡು ಬಂದರೆ ಅದಕ್ಕೊಂದು ಕ್ರಮವಿತ್ತು. ಭಾನುವಾರ ತಿಂಡಿಯಾದ ಮೇಲೆ ಮಾವ ಮತ್ತು ನನ್ನ ಮಗಳು, ಇಬ್ಬರೇ ಕೂರುತ್ತಿದ್ದರು. ಅವಳು ಹತ್ತನೇ ಕ್ಲಾಸು. ಹುಟ್ಟಿದಾಗ ಬೆರಳುದ್ದ ಇದ್ದಳೆಂದು ಮಾವ ಅವಳನ್ನು ಚುಕ್ಕಿ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ರೆಕಾರ್ಡಿನ ಕವರನ್ನು ಬೋರಲು ಹಾಕಿ, ನುಡಿಸಿದವರ ಹೆಸರು ನೋಡದೆ, ಎರಡೂ ಬದಿ ಕೇಳಬೇಕು. ಹೆಸರು ಓದಿಬಿಟ್ಟರೆ ಕಿವಿ ಸೋಮಾರಿಯಾಗುತ್ತದೆ ಎಂದು ಮಾವನ ವಾದ. ಆಮೇಲೆ ಅಂಗೈಯಗಲದ ಒಂದು ಕಾರ್ಡಿನ ಮೇಲೆ ಮಾವ ತಮಗನ್ನಿಸಿದ್ದನ್ನು ಬರೆಯುತ್ತಿದ್ದರು, ಕೆಳಗೆ ಚುಕ್ಕಿ ಒಂದು ಸಾಲು ಸೇರಿಸುತ್ತಿದ್ದಳು. ದಿನಾಂಕ ಹಾಕಿ ಕಾರ್ಡನ್ನು ಕವರಿನೊಳಗೆ ಇಟ್ಟ ಮೇಲೆಯೇ ರೆಕಾರ್ಡು ಗೋಡೆ ಸೇರುತ್ತಿತ್ತು.

ಜಗಳವಾದ ಆ ಭಾನುವಾರ ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಬಾಗಿಲು ತೆರೆದಿತ್ತು. ಪಿಯಾನೊ, ದಪ್ಪ ದನಿಯ ತಂತಿವಾದ್ಯ ಬೇಸು, ಡ್ರಮ್ಮು, ಮೂವರ ತಂಡದ ರೆಕಾರ್ಡು. ಮುಗಿಯಿತು.

"ಬೇಸ್‌ನವನು ಗಟ್ಟಿಗ," ಅಂದರು ಮಾವ. "ಪಿಯಾನೊದವನಿಗೆ ಅವಸರವಿಲ್ಲ, ಬೆರಳಿಗೆ ಯೋಚನೆ ಇದೆ. ಆದ್ರೆ ಈ ಡ್ರಮ್ಮಿನವನಿಗೆ ಏನಾಗಿದೆ? ಸಿಂಬಲ್ ಮುಟ್ಟೇ ಇಲ್ಲ! ಈಚಿನವರೆಲ್ಲ ಹೀಗೇ."

ಡ್ರಮ್ಮಿನ ಪಕ್ಕ ಕಂಬಕ್ಕೆ ಸಿಕ್ಕಿಸಿರುವ ಹಿತ್ತಾಳೆ ತಟ್ಟೆಗೆ ಸಿಂಬಲ್ ಅನ್ನುತ್ತಾರೆ. ಅಷ್ಟು ನನಗೂ ಗೊತ್ತಿತ್ತು.

"ಮುಟ್ಟಿದ್ದಾನಲ್ಲ ತಾತ. ಮೊದಲಿಂದ ಕೊನೆವರೆಗೂ ಅದೇ ಇದೆ."

"ಎಲ್ಲಿದೆ?"

"ಎಲ್ಲಾ ಕಡೆ."

ಮಾವ ರೆಕಾರ್ಡಿನ ಮುಳ್ಳನ್ನು ಮತ್ತೆ ಮೊದಲಿಗಿಟ್ಟರು. ಕೇಳಿದರು. ತೆಗೆದರು. "ಎಲ್ಲಿ, ತೋರಿಸು."

"ಈಗ ಕೇಳಿಸ್ತಲ್ಲ!"

"ಚುಕ್ಕಿ, ತೋಚಿದ್ದನ್ನ ಹೇಳಬೇಡ. ಇಲ್ಲದ್ದನ್ನ ಇದೆ ಅನ್ನೋದು ಸುಳ್ಳು. ಆ ಮೊಬೈಲಿನ ತಂತಿ ಕಿವೀಲಿ ತುರುಕ್ಕೊಂಡು ತುರುಕ್ಕೊಂಡು ನಿನಗೆ ಕಿವೀಲಿ ಗುಂಯ್ ಅನ್ನೋದೆಲ್ಲ ಸಂಗೀತ ಆಗಿದೆ."

"ನಾನು ಸುಳ್ಳು ಹೇಳ್ತಿಲ್ಲ."

"ಹೇಳ್ತಿದ್ದೀಯ. ಸುಳ್ಳಿ!"

ಅವಳು ಎದ್ದು ನಿಂತಳು. ಕೆಳಗಿನ ತುಟಿ ಕಚ್ಚಿಕೊಂಡಿದ್ದಳು. ಕಾರ್ಡಿನ ಮೇಲೆ ತನ್ನ ಸಾಲು ಬರೆಯದೆ ಹೊರಗೆ ಬಂದು, ನಾನು ಮಡಿಸಿಟ್ಟಿದ್ದ ಬಟ್ಟೆಯ ಮೇಲೇ ಕೂತಳು.

"ಹೋಗು, ತಾತನಿಗೆ ಎದುರು ಮಾತಾಡಿದೆ ಅಂತ ಒಂದು ಮಾತು ಹೇಳಿ ಮುಗಿಸು," ಅಂದೆ.

"ನೀನು ಕೇಳಿಸ್ಕೊಂಡೆಯಾ ಅಮ್ಮ, ಸಿಂಬಲ್?"

ನಾನು ಬಟ್ಟೆ ಮಡಿಸುತ್ತಿದ್ದೆ, ನನಗೇನು ಗೊತ್ತು! ಹಾಗೇ ಅಂದೆ. ಅವಳು ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ.

ಮರುದಿನದಿಂದ ಮಾವ ಊಟ ಮುಗಿಸಿ ಏಳುವ ತನಕ ಚುಕ್ಕಿ ಅಡುಗೆಮನೆಗೆ ಕಾಲಿಡಲಿಲ್ಲ. ಮುಂದಿನ ಕೋಣೆಗಂತೂ ಇಲ್ಲವೇ ಇಲ್ಲ. ಭಾನುವಾರ ಬಂದಾಗ ಮಾವ ಬಾಗಿಲು ತೆರೆದಿಟ್ಟು, ಕುರ್ಚಿಯ ಪಕ್ಕದ ಅವಳ ಮಣೆಯನ್ನು ಕೈಯಿಂದ ಒರೆಸಿ ಕಾದರು. ಇವಳು ಹಿತ್ತಲಲ್ಲಿ ಕೂತು ಲೆಕ್ಕದ ಪುಸ್ತಕ ಬಿಡಿಸಿಕೊಂಡಳು. ಮಾವ ಬಾಯಿ ಬಿಟ್ಟು ಕರೆಯುವವರಲ್ಲ, ಇವಳು ಕರೆಯದೆ ಹೋಗುವವಳಲ್ಲ. ಇಬ್ಬರದೂ ಒಂದೇ ರಕ್ತ.

"ಮಗು ಊಟಕ್ಕೆ ಬರ್ಲಿಲ್ವಾ?" ಎಂದು ಮಾವ ದಿನಾ ಕೇಳುತ್ತಿದ್ದರು.

"ಓದ್ಕೋತಿದ್ದಾಳೆ ಮಾವ," ಎಂದು ನಾನು ಹೇಳುತ್ತಿದ್ದೆ. ಅವರು ಉತ್ತರ ಕೊಡದೆ ತಟ್ಟೆ ನೋಡುತ್ತಿದ್ದರು. ಅತ್ತೆ ನನ್ನ ಹಿಂದೆಯೇ, "ಓದ್ಕೋತಿದ್ದಾಳಂತ್ರೀ!" ಎಂದು ಅದನ್ನೇ ಇನ್ನೊಂದು ಸಲ ಹೇಳುತ್ತಿದ್ದರು. ಆಗ ಮಾವ "ಹೂಂ" ಅನ್ನುತ್ತಿದ್ದರು.

ಇದು ನನಗೆ ಹಳೆಯ ಗಾಯ. ಮೂರು ವರ್ಷದಿಂದ ಮಾವ ನನ್ನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಅದೇ ಮಾತನ್ನು ಅತ್ತೆ ಹೇಳಿದರೆ ಆಗುತ್ತದೆ, ಮಗ ಹೇಳಿದರೆ ಆಗುತ್ತದೆ, ಸೊಸೆ ಹೇಳಿದರೆ ಗಾಳಿ. ಗಂಡನ ಹತ್ತಿರ ಎಷ್ಟು ಸಲ ಅತ್ತಿದ್ದೇನೋ ಲೆಕ್ಕವಿಲ್ಲ. ಅವರು ಲಿಫ್ಟ್ ರಿಪೇರಿ ಮಾಡುವವರು, ಮನೆಗೆ ಬರುವಾಗ ಕೈಯೆಲ್ಲ ಗ್ರೀಸು, ಮೈಯೆಲ್ಲ ಸುಸ್ತು. "ಅಪ್ಪನ ಸ್ವಭಾವ ಗೊತ್ತಲ್ಲ, ಬಿಟ್ಬಿಡು," ಅನ್ನುವರು. ನಾನು ಬಿಡುವ ಪೈಕಿ ಅಲ್ಲ. ಆದರೂ ಈಚೆಗೆ ಮಾವನ ಹತ್ತಿರ ಬೇಕಾದಷ್ಟೇ ಮಾತಾಡುವುದು ಅಂತ ನಿಶ್ಚಯಿಸಿದ್ದೆ.

ಮೂರನೆಯ ವಾರ ಪಕ್ಕದ ಮನೆಯ ನೀರಿನ ಪೈಪು ಒಡೆದು ರೆಕಾರ್ಡಿನ ಗೋಡೆಗೆ ತೇವ ಬಂತು. ಒಂಬೈನೂರು ರೆಕಾರ್ಡನ್ನೂ ಸಾಲು ತಪ್ಪದ ಹಾಗೆ ಒಳಕೋಣೆಗೆ ಸಾಗಿಸಬೇಕು. ಮಾವನಿಗೆ ಬಗ್ಗಿದರೆ ತಲೆ ತಿರುಗುತ್ತದೆ. ಗಂಡನಿಗೆ ರಜೆಯಿಲ್ಲ. ಸೊಂಟಕ್ಕೆ ಸೆರಗು ಕಟ್ಟಿದವಳು ಇನ್ನು ಯಾರು! ಮಾವನನ್ನು ಅತ್ತೆಯ ಜೊತೆ ಹಲ್ಲಿನ ಡಾಕ್ಟರ ಬಳಿಗೆ ಕಳಿಸಿ ಕೆಲಸಕ್ಕೆ ಕೈಹಾಕಿದೆ.

ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಆ ಕಾರ್ಡುಗಳನ್ನು ನಾನು ಓದಿರಲಿಲ್ಲ. ಒಂದು ಕವರು ಕೈಜಾರಿ ಕಾರ್ಡು ಹೊರಗೆ ಬಿತ್ತು. ಆ ಮುದ್ದಾದ, ಸಾಲು ಓರೆಯಾಗದ ಅಕ್ಷರ. "ಸ್ಯಾಕ್ಸೊಫೋನಿನವನು ಹೇಳಬೇಕಾದ್ದನ್ನು ಪೂರ್ತಿ ಹೇಳುವುದಿಲ್ಲ, ನಮಗೆ ಅರ್ಧ ಬಿಟ್ಟುಕೊಡುತ್ತಾನೆ. ದೊಡ್ಡ ಮನಸ್ಸು." ನಾನು ನೆಲದ ಮೇಲೆ ಕೂತುಬಿಟ್ಟೆ. ಈ ಮನುಷ್ಯನ ಬಾಯಲ್ಲಿ ನಾನು ಹೊಗಳಿಕೆ ಕೇಳಿಯೇ ಇರಲಿಲ್ಲ. ಇಲ್ಲಿ ನೋಡಿದರೆ ಕಾರ್ಡು ಕಾರ್ಡಿಗೂ ಪ್ರೀತಿ. "ಡ್ರಮ್ಮಿನವನು ಸಿಂಬಲ್ ಮೇಲೆ ಕಡ್ಡಿ ಆಡಿಸುವುದು ಕಾದ ಬಾಣಲೆಗೆ ನೀರು ಚಿಮುಕಿಸಿದಂತಿದೆ. ಚುಕ್ಕಿ ನಕ್ಕಳು." ಅದರ ಕೆಳಗೆ ಐದು ವರ್ಷದ ಚುಕ್ಕಿಯ ಸೊಟ್ಟ ಅಕ್ಷರದಲ್ಲಿ "ಚುಸ್" ಎಂದಿತ್ತು.

ಆಮೇಲೆ ಈಚಿನವು ಬಂದವು. "ಸಿಂಬಲ್ ಇಲ್ಲ." "ಧ್ವನಿಮುದ್ರಣ ಮಾಡಿದವನಿಗೆ ಸಿಂಬಲ್ ಬೇಡವಾಗಿದೆ." "ಕಾರ್ಖಾನೆಯವರು ಮೇಲಿನ ಸ್ವರಗಳನ್ನೆಲ್ಲ ತಿಂದಿದ್ದಾರೆ. ಅಂಗಡಿಗೆ ವಾಪಸ್." ಅಂಥವು ಮೂವತ್ತೋ ನಲವತ್ತೋ ಇದ್ದವು, ವಾಪಸ್ ಹೋದವುಗಳ ಕಾರ್ಡು ಮಾತ್ರ ಉಳಿದಿತ್ತು. ಇದೇನಪ್ಪಾ ಎಂದುಕೊಳ್ಳುತ್ತಿರುವಾಗ ಒಂದೇ ರೆಕಾರ್ಡಿನ ಎರಡು ಪ್ರತಿ ಒಟ್ಟೊಟ್ಟಿಗೆ ಸಿಕ್ಕಿದವು. ಒಂದು ಹಳೆಯದು, ಅಂಚು ಸವೆದದ್ದು. ಅದರೊಳಗೆ ಎರಡು ಕಾರ್ಡು. ಹನ್ನೊಂದು ವರ್ಷದ ಹಿಂದಿನದರಲ್ಲಿ, "ಈ ರೆಕಾರ್ಡಿನ ಜೀವವೇ ಸಿಂಬಲ್." ಎರಡು ವರ್ಷದ ಹಿಂದಿನದರಲ್ಲಿ, "ರೆಕಾರ್ಡು ಸವೆದಿದೆ, ಸಿಂಬಲ್ ಹೋಗಿದೆ. ಹೊಸ ಪ್ರತಿ ತರಬೇಕು." ಪಕ್ಕದ ಹೊಸ ಪ್ರತಿಯ ಕಾರ್ಡಿನಲ್ಲಿ, "ಇದರಲ್ಲೂ ಇಲ್ಲ. ಮೋಸ."

ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ದಿನಕ್ಕೆ ನಾಲ್ಕು ಮಂದಿಯಾದರೂ ಬಂದು, "ಈಗಿನ ಪೇಪರಿನವರು ಅಕ್ಷರ ಚಿಕ್ಕದು ಮಾಡಿಬಿಟ್ಟಿದ್ದಾರೆ ನೋಡಿ," ಅನ್ನುತ್ತಾರೆ. ಬಲ್ಬಿನ ತಪ್ಪು, ಶಾಯಿಯ ತಪ್ಪು, ಸೂಜಿಯ ಕಣ್ಣು ಮಾಡಿದವನ ತಪ್ಪು. ನಾನು ನಕ್ಕು ಕಣ್ಣು ಪರೀಕ್ಷೆಯ ಕುರ್ಚಿ ತೋರಿಸುತ್ತೇನೆ.

ಮಾವನ ಕಾರ್ಡುಗಳೂ ಅದೇ ಮಾತು ಹೇಳುತ್ತಿದ್ದವು. ರೆಕಾರ್ಡು ನುಡಿಸುವ ಆ ಯಂತ್ರವನ್ನು ಅಲ್ಲಿವರೆಗೆ ಮುಟ್ಟಿರಲಿಲ್ಲ. ಹಳೆಯ ಪ್ರತಿಯನ್ನಿಟ್ಟು ಮುಳ್ಳು ಇಳಿಸಿದೆ. ಚಿಟಿ ಚಿಟಿ ಚಿಟಿ, ಮೊದಲಿಂದ ಕೊನೆವರೆಗೂ, ಯಾರಿಗೂ ಹೆದರದೆ. ಹೊಸದನ್ನಿಟ್ಟೆ. ಅದರಲ್ಲೂ ಅದೇ. ಒಂಬೈನೂರು ರೆಕಾರ್ಡಿನ ಮಧ್ಯೆ ಕೂತು ನಾನು ಅತ್ತುಬಿಟ್ಟೆ. ಮೊದಲು ಮಾವನಿಗಾಗಿ. ಆಮೇಲೆ ನೆನಪಾಯಿತು, ನನ್ನ ದನಿಯೂ ಆ ಸಿಂಬಲ್ಲಿನ ಹಾಗೆ ಬಲು ಸಣ್ಣದು, ಕೀರಲು. ಸ್ಕೂಲಿನಲ್ಲಿ ಪೀಪಿ ಎಂದು ಕರೆಯುತ್ತಿದ್ದರು.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ರೆಕಾರ್ಡಿನ ಅಂಗಡಿಗೆ ಹೋದೆ. ಅಂಗಡಿಯವರು ಮಾವನ ಮೂವತ್ತು ವರ್ಷದ ಸ್ನೇಹಿತರು.

"ಮಾವ ವಾಪಸ್ ಕೊಟ್ಟ ರೆಕಾರ್ಡುಗಳಲ್ಲಿ ಏನು ಕೆಟ್ಟಿತ್ತು?"

ಅವರು ಬಟ್ಟೆಯಿಂದ ಒರೆಸುತ್ತಿದ್ದ ರೆಕಾರ್ಡನ್ನು ಕೆಳಗಿಟ್ಟರು. "ಏನೂ ಇಲ್ಲಮ್ಮ. ಎಲ್ಲಾ ಬೇರೆಯವರಿಗೆ ಮಾರಿದ್ದೀನಿ. ಒಬ್ಬರೂ ದೂರು ತರಲಿಲ್ಲ."

"ಮತ್ತೆ ಅವರಿಗೆ ಹೇಳ್ಬಾರದಿತ್ತಾ?"

"ಹೆಂಗೆ ಹೇಳ್ಲಿ? ನನಗೆ ಕೇಳೋದು ಕಲಿಸಿದವನೇ ಅವನು. ನಿನಗೆ ಕಿವಿ ಹೋಗಿದೆ ಕಣೋ ಅಂತ ಅವನ ಮುಖ ನೋಡಿ ಅನ್ನೋಕಾಗುತ್ತಾ? ಹೌದಪ್ಪ, ಈಗಿನ ಕಂಪನಿಗಳೇ ಸರಿಯಿಲ್ಲ ಅಂದೆ. ಸಮಾಧಾನ ಆಗ್ತಿತ್ತು ಅವನಿಗೆ."

ಸಂಜೆ ತರಕಾರಿ ಹೆಚ್ಚುತ್ತಿದ್ದ ಅತ್ತೆಯ ಮುಂದೆ ಕೂತೆ. "ಅತ್ತೆ, ನಾನು ಹೇಳಿದ್ದನ್ನ ನೀವು ಮಾವನಿಗೆ ಯಾಕೆ ತಿರುಗಿ ಹೇಳ್ತೀರಿ?"

ಚಾಕು ನಿಂತಿತು. "ನನಗೆ ಮೂರು ವರ್ಷದಿಂದ ಗೊತ್ತು ಕಣೆ. ಬಾಗಿಲ ಗಂಟೆ ಕೇಳಿಸಲ್ಲ. ಕೆಟಲ್ಲು ಕೂಗಿದ್ದು ಕೇಳಿಸಲ್ಲ. ಗಂಡಸರ ಮಾತು, ನನ್ನ ದಪ್ಪ ದನಿ ಕೇಳಿಸುತ್ತೆ, ಅದಕ್ಕೇ ನಿನ್ನ ಗಂಡನಿಗೂ ತಿಳೀಲಿಲ್ಲ."

"ನಾನು ಮೂರು ವರ್ಷ ಅವರನ್ನ ಬೈಕೊಂಡು ಓಡಾಡಿದ್ದೀನಿ ಅತ್ತೆ!"

"ಬೈಕೋ. ಬೈದ್ರೆ ಅವರಿಗೇನು ಕೇಳಿಸಲ್ಲ. ಗೊತ್ತಾದ್ರೆ ಆ ಗೋಡೆ ನೋಡ್ಕೊಂಡು ಹೆಂಗೆ ಬದುಕ್ತಾರೆ, ಅದನ್ನ ಯೋಚನೆ ಮಾಡಿದ್ಯಾ?"

"ಚುಕ್ಕಿಯನ್ನ ಸುಳ್ಳಿ ಅಂದ್ರಲ್ಲ, ಆಗಾದ್ರೂ ನೀವು ಬಾಯಿ ಬಿಡ್ಬಹುದಿತ್ತು."

ಅತ್ತೆ ಹೆಚ್ಚಿದ್ದನ್ನೇ ಮತ್ತೆ ಸಣ್ಣಗೆ ಹೆಚ್ಚತೊಡಗಿದರು.

ಹೇಳುವವರು ಯಾರು? ಗಂಡ, "ನನ್ನ ಕೈಲಾಗಲ್ಲ, ಅಪ್ಪ ಅತ್ತುಬಿಟ್ರೆ?" ಎಂದು ಕೈ ಚೆಲ್ಲಿದರು. ಒಂದು ವಾರ ಹೀಗೇ ಹೋಯಿತು. ಶನಿವಾರ ಸಂಜೆ ನಾನೇ ಆ ಮೂರು ಕಾರ್ಡುಗಳನ್ನು ತೆಗೆದುಕೊಂಡು ಹೋಗಿ ಮಾವನ ಮುಂದೆ, ದೀಪದ ಕೆಳಗೆ, ಒಂದರ ಪಕ್ಕ ಒಂದಿಟ್ಟೆ. ದನಿ ತಗ್ಗಿಸಿ, ದಪ್ಪ ಮಾಡಿ ಹೇಳಿದೆ. "ಮಾವ, ಇದೊಂದು ಪ್ರೂಫ್ ನೋಡ್ಬೇಕು. ಎಲ್ಲೋ ತಪ್ಪಾಗಿದೆ."

ಅವರು ಅಭ್ಯಾಸಬಲದಿಂದ ಪೆನ್ಸಿಲ್ ಕೈಗೆತ್ತಿಕೊಂಡರು. ಒಂದನೆಯದು ಓದಿದರು. ಎರಡನೆಯದು. ಮೂರನೆಯದು. ಮತ್ತೆ ಮೊದಲಿಂದ. ಪೆನ್ಸಿಲ್ಲಿನ ತುದಿ ದಿನಾಂಕಗಳ ಮೇಲೆ ಹೋಗಿ ನಿಂತಿತು.

"ಎರಡು ಪ್ರತಿಯನ್ನೂ ನಾನು ಹಾಕಿ ಕೇಳಿದೆ ಮಾವ. ಸಿಂಬಲ್ ಇದೆ."

ಅವರು ಪೆನ್ಸಿಲ್ ಕೆಳಗಿಟ್ಟು ಕನ್ನಡಕ ತೆಗೆದರು. "ಎರಡು ಪ್ರತೀಲೂ ಒಂದೇ ತಪ್ಪು ಕಂಡ್ರೆ ಮೊದಲು ನಿನ್ನ ಕನ್ನಡಕ ಒರೆಸ್ಕೋ ಅಂತ ಹೊಸದಾಗಿ ಬಂದವರಿಗೆಲ್ಲ ನಾನೇ ಹೇಳಿಕೊಡ್ತಿದ್ದೆ," ಅಂದರು.

ಕಿವಿ ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ. ಗಾಜಿನ ಗೂಡಿನೊಳಗೆ ಮಾವ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಒಂದು ಗುಂಡಿ. ಸದ್ದು ಕೇಳಿಸಿದಾಗ ಒತ್ತಬೇಕು. ಹೊರಗೆ ಪರೀಕ್ಷೆ ಮಾಡುವ ಹೆಂಗಸಿನ ಮೇಜಿನ ಮೇಲೆ ಎರಡು ದೀಪ. ಸದ್ದು ಕಳಿಸಿದಾಗ ಒಂದು ಹೊತ್ತುತ್ತದೆ, ಮಾವ ಒತ್ತಿದಾಗ ಇನ್ನೊಂದು. ಮೊದಲು ಎರಡೂ ಜೋಡಿಯಾಗಿ ಹೊತ್ತಿದವು. ಸದ್ದು ಸಣ್ಣದಾಗುತ್ತ ಹೋದಂತೆ ಎರಡನೆಯ ದೀಪ ತಡವಾಯಿತು. ಆಮೇಲೆ ಒಂದೇ ದೀಪ ಹೊತ್ತಿ ಆರುತ್ತಿತ್ತು. ಮಾವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಪರೀಕ್ಷೆಗೆ ಕೂತ ಒಳ್ಳೆಯ ವಿದ್ಯಾರ್ಥಿಯ ಹಾಗೆ, ನೆಟ್ಟಗೆ ಕಾಯುತ್ತಲೇ ಇದ್ದರು. ನಾನು ನೋಡಲಾರದೆ ಗೋಡೆಯತ್ತ ತಿರುಗಿದೆ.

ಬಸ್ಸಿನಲ್ಲಿ ಪಕ್ಕ ಕೂತಿದ್ದಾಗ ಮಾವ ಇದ್ದಕ್ಕಿದ್ದ ಹಾಗೆ ಅಂದರು. "ನೀನು ನನ್ನ ಹತ್ರ ಮಾತು ಬಿಟ್ಟಿದ್ದೀಯ ಅಂದ್ಕೊಂಡಿದ್ದೆ. ಏನು ತಪ್ಪು ಮಾಡಿದೆನೋ, ಕೇಳೋಣ ಅಂದ್ರೆ ಬಾಯಿ ಬರಲಿಲ್ಲ."

"ನೀವು ನನ್ನನ್ನ ಲೆಕ್ಕಕ್ಕೇ ಇಟ್ಟಿಲ್ಲ ಅಂದ್ಕೊಂಡಿದ್ದೆ ಮಾವ."

"ಏನಂದೆ?"

ನಾನು ದನಿ ದಪ್ಪ ಮಾಡಿ ಇನ್ನೊಮ್ಮೆ ಹೇಳಿದೆ. ಇಡೀ ಬಸ್ಸು ತಿರುಗಿ ನೋಡಿತು. ಮಾವ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ಕಿವಿಗೆ ಹಾಕುವ ಯಂತ್ರ ಬಂತು. ಮೊದಲ ದಿನ ಮಾವನಿಗೆ ತಮ್ಮ ಚಪ್ಪಲಿಯ ಸದ್ದೇ ಹೊಸದು. ಪೇಪರ್ ಮಡಿಸಿ ಮಡಿಸಿ ಕೇಳಿದರು. ನಾನು ಚಹಾ ಕೊಟ್ಟು ಏನೋ ಅಂದಾಗ, "ಅಬ್ಬಾ, ಮೆಲ್ಲಗೆ ಮಾತಾಡಮ್ಮ!" ಅಂದರು. ಸಂಜೆ ಬಾಗಿಲು ಮುಂದೆ ಮಾಡಿಕೊಂಡು ರೆಕಾರ್ಡು ಹಾಕಿದರು. ಅತ್ತೆ ಒಲೆ ಆರಿಸಿ ಬಂದು ನನ್ನ ಪಕ್ಕ ನಿಂತರು. ಅರ್ಧ ಹಾಡಿಗೇ ಮುಳ್ಳು ಎತ್ತಿದ ಸದ್ದಾಯಿತು. ಮಾವ ಯಂತ್ರವನ್ನು ಅಂಗೈಯಲ್ಲಿ ಹಿಡಿದುಕೊಂಡು ಹೊರಗೆ ಬಂದರು.

"ಸಿಂಬಲ್ ಬಂತಾ?" ಎಂದು ಅತ್ತೆ ಆಸೆಯಿಂದ ಕೇಳಿದರು.

"ಬಂತು. ತಗಡು ಗೀಚಿದ ಹಾಗೆ. ಇದು ಮಾತು ಕೇಳೋಕೆ ಮಾಡಿದ್ದು, ಸಂಗೀತಕ್ಕಲ್ಲ ಅಂತ ಆ ಹೆಣ್ಣುಮಗಳು ಮೊದಲೇ ಹೇಳಿದ್ಲು." ಯಂತ್ರವನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, "ಇರಲಿ, ಮನುಷ್ಯರ ಮಾತಾದರೂ ಕೇಳಿಸುತ್ತಲ್ಲ," ಅಂದರು. ಅಷ್ಟು ಮೆತ್ತಗಿನ ಮಾತು ಅವರ ಬಾಯಲ್ಲಿ ಬಂದದ್ದು ನನಗೆ ಸಂಕಟವಾಯಿತು.

ಆ ವಾರದ ಭಾನುವಾರ ರಾತ್ರಿ ಊಟಕ್ಕೆ ಮಾವ ಬಂದು ಕೂತರು, ತಟ್ಟೆ ಮುಟ್ಟಲಿಲ್ಲ. "ಚುಕ್ಕಿಯನ್ನ ಕರಿ," ಅಂದರು. ಗಂಡ ಹೋಗಿ ಕರೆತಂದರು. ಅವಳು ಬಾಗಿಲ ಹತ್ತಿರ ನಿಂತಳು. ಐದು ವಾರದಲ್ಲಿ ಮಾವ ಅವಳ ಮುಖ ನೇರವಾಗಿ ನೋಡಿದ್ದು ಅದೇ ಮೊದಲು.

"ಅವತ್ತು ಸಿಂಬಲ್ ಇತ್ತು," ಅಂದರು ಮಾವ. "ನೀನು ಹೇಳಿದ್ದು ನಿಜ. ನನ್ನ ಕಿವಿಗೆ ಆಗಲ್ಲ. ನಿನ್ನನ್ನ ಸುಳ್ಳಿ ಅಂದೆ. ತಪ್ಪಾಯ್ತು."

ನಲವತ್ತು ವರ್ಷ ಊರಿನವರ ತಪ್ಪು ತಿದ್ದಿದ ಮನುಷ್ಯ. ತಪ್ಪಾಯ್ತು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಅತ್ತೆಯೂ ಕೇಳಿರಲಿಲ್ಲವಂತೆ.

"ನಂಗೆ ಆಗಲೇ ಗೊತ್ತಿತ್ತು ತಾತ."

"ಏನು ಗೊತ್ತಿತ್ತು?"

"ನಿಮಗೆ ಕೇಳಿಸಲ್ಲ ಅಂತ. ನೀವು ಎರಡನೇ ಸಲ ಹಾಕಿದ್ರಲ್ಲ, ಆಗ ನಿಮ್ಮ ಮುಖ ನೋಡಿದೆ. ಗೊತ್ತಾಯ್ತು."

"ಗೊತ್ತಿದ್ದೂ ಸಿಟ್ಟು ಮಾಡ್ಕೊಂಡ್ಯಾ? ಐದು ವಾರ ಕಾದೆ ಚುಕ್ಕಿ. ಒಂದು ದಿನಾನೂ ಈ ಕಡೆ ಬರಲಿಲ್ಲ ನೀನು."

"ಸಿಟ್ಟಿರಲಿಲ್ಲ ತಾತ." ಅವಳ ಕಣ್ಣು ತುಂಬಿತು, ಆದರೂ ನಿಲ್ಲಿಸಲಿಲ್ಲ. "ಒಳಗೆ ಬಂದಿದ್ರೆ ನೀವು ಮತ್ತೆ ಕೇಳ್ತಿದ್ರಿ, ಸಿಂಬಲ್ ಇದೆಯಾ ಅಂತ. ನಿಮ್ಮ ಮುಖ ನೋಡಿ ನಾನು ಇಲ್ಲ ಅಂತ ಸುಳ್ಳು ಹೇಳಿಬಿಡ್ತಿದ್ದೆ. ಅದಕ್ಕೇ ಬರಲಿಲ್ಲ."

 ಅತ್ತೆ ತಲೆ ತಗ್ಗಿಸಿದರು. ನಾನು ಸೌಟು ಹಿಡಿದುಕೊಂಡೇ ನಿಂತಿದ್ದೆ. ಮಾವ ಪಕ್ಕದ ಕುರ್ಚಿಯನ್ನು ಎಳೆದರು, ಅವಳು ಬಂದು ಕೂತಳು, ನಾನು ಇಬ್ಬರಿಗೂ ಒಟ್ಟಿಗೆ ಬಡಿಸಿದೆ.